ಸರ್ವರ್ ವಿಳಾಸಕ್ಕೆ ಮುಹೂರ್ತ

ಶುಕ್ರವಾರ, ಬೆಳಿಗ್ಗೆ ಹತ್ತೂವರೆ. ಹೊರಗೆ ಮೋಡ, ಒಳಗೆ ಯಂತ್ರಗಳಿಗಾಗಿ ಹಾಕಿದ ಏಸಿಯ ಚಳಿ. ಹಾಜರಿದ್ದವರು: ಹಲಸೂರಿನ ನಮ್ಮ ಡೇಟಾ ಸೆಂಟರಿನ ಮ್ಯಾನೇಜರು, ಕಗ್ಗದಾಸಪುರದಿಂದ ಬರುವ ಇಂಜಿನಿಯರ್ ಹೆಣ್ಣುಮಗಳು, ಶಿವಾಜಿನಗರದ ರಕ್ತಪರೀಕ್ಷಾ ಲ್ಯಾಬಿನ ಒಡತಿ, ಕಾರ್ಖಾನೆಯ ಕಂಪ್ಯೂಟರ್ ವಿಭಾಗದಿಂದ ನಿವೃತ್ತನಾಗಿ ಇಲ್ಲಿ ಮೇಲ್ವಿಚಾರಕನಾಗಿರುವ ನಾನು. ನಮ್ಮಲ್ಲಿ ಯಂತ್ರಗಳು ಕೆಡುವುದು ಅಪರೂಪ. ತೀರ್ಮಾನಗಳು ಕೆಡದ ವಾರವಿಲ್ಲ.

ವಿಷಯ ಸರಳ. ಒಂದು ದೊಡ್ಡ ಯಂತ್ರದೊಳಗೆ ನಮ್ಮವೂ ಗಿರಾಕಿಗಳವೂ ಆದ ಹಲವು ವರ್ಚುವಲ್, ಅಂದರೆ ಸಾಫ್ಟ್‌ವೇರಿನಿಂದಲೇ ಆದ, ಸರ್ವರ್‌ಗಳಿರುತ್ತವೆ. ಅವುಗಳ ಒಳವಿಳಾಸ ಹೊರಗೆ ನಡೆಯದು; ಬಾಗಿಲಲ್ಲಿ ಅದನ್ನು ಹೊರವಿಳಾಸಕ್ಕೆ ಬದಲಿಸಬೇಕು. ಇದಕ್ಕೆ ನ್ಯಾಟ್ ಎನ್ನುತ್ತಾರೆ. ವಿಧ ಮೂರು: ಒಂದೊಂದಕ್ಕೂ ಕಾಯಂ ವಿಳಾಸ, ಖಾಲಿ ಇದ್ದದ್ದು ಸರದಿಯಂತೆ, ಇಲ್ಲವೇ ಎಲ್ಲಕ್ಕೂ ಸೇರಿ ಒಂದೇ. ಲ್ಯಾಬಿನ ರಿಪೋರ್ಟುಗಳನ್ನು ಪಡೆಯುವ ಆಸ್ಪತ್ರೆ, ಗುರುತಿರುವ ಒಂದೇ ವಿಳಾಸದಿಂದ ಬಂದುದನ್ನು ಮಾತ್ರ ಒಳಗೆ ಬಿಡುತ್ತದೆ. ಅಂದಮೇಲೆ ಕಾಯಂ ವಿಳಾಸವೇ ಬೇಕು. ಚರ್ಚೆಗೆ ಅವಕಾಶವಿಲ್ಲ. ಆದರೂ ಈ ಶುಕ್ರವಾರದವರೆಗೂ ಚರ್ಚೆ ನಡೆಯಿತು.

೧. ಸೀನಿಯಾರಿಟಿ

ಕಾಯಂ ವಿಳಾಸಗಳನ್ನು ಮ್ಯಾನೇಜರು ಪದವಿಯ ಪ್ರಕಾರ ಹಂಚಿದರು. ಮೊದಲನೆಯದು ಜನರಲ್ ಮ್ಯಾನೇಜರರ ಹಾಜರಾತಿ ಸರ್ವರ್‌ಗೆ.

"ಅದನ್ನು ಹೊರಗಿನಿಂದ ಯಾರು ನೋಡುತ್ತಾರೆ?" ಎಂದೆ.

"ಯಾರೂ ನೋಡಲ್ಲ ಸರ್. ಆದ್ರೂ ದೊಡ್ಡವರಿಗೆ ಕೊಡದೆ ಲ್ಯಾಬಿಗೆ ಕೊಟ್ರೆ ಚೆನ್ನಾಗಿರುತ್ತಾ? ಲ್ಯಾಬಿನವರು ಈಗ ತಾನೇ ಬಂದಿದ್ದಾರೆ. ಪ್ರೊಬೇಷನ್ ಮುಗೀಲಿ."

ಹಾಜರಾತಿ ಸರ್ವರ್‌ನತ್ತ ಹೊರಗಿನವರು ಸುಳಿಯುವುದಿಲ್ಲ, ನಿಜ. ನಮ್ಮ ಸಿಬ್ಬಂದಿಯೂ ಸುಳಿಯುತ್ತಿರಲಿಲ್ಲ.

೨. ಸರದಿ

ಲ್ಯಾಬಿಗೆ ಸರದಿಯ ವಿಳಾಸ ಸಿಕ್ಕಿತು. ರಿಪೋರ್ಟುಗಳು ಒಮ್ಮೊಮ್ಮೆ ಒಂದೊಂದು ವಿಳಾಸದಿಂದ ಹೊರಟವು, ಆಸ್ಪತ್ರೆ ತಿರಸ್ಕರಿಸಿತು. ಒಡತಿ ಆಟೋ ಹಿಡಿದು ಬಂದರು.

"ಏನ್ರೀ ಇದು? ಬೆಳಿಗ್ಗೆ ಒಂದು ವಿಳಾಸ, ಮಧ್ಯಾಹ್ನ ಇನ್ನೊಂದು. ಆಸ್ಪತ್ರೆಯವ್ರು ನಮ್ಮನ್ನ ಕಳ್ಳರು ಅಂದ್ಕೊಂಡಿದ್ದಾರೆ!"

"ಎಲ್ರಿಗೂ ಅವಕಾಶ ಸಿಗ್ಬೇಕಲ್ವಾ ಮೇಡಂ? ಒಬ್ರೇ ಹಿಡ್ಕೊಂಡು ಕೂತ್ರೆ ಹೇಗೆ?"

"ನಾನು ಕೇಳಿದ್ದು ಸರ್ವರ್ ವಿಳಾಸ ಕಣ್ರೀ. ಬಸ್ ಸೀಟಲ್ಲ."

೩. ನೆರೆಹೊರೆ

ಮೂರನೆಯ ಪ್ರಯೋಗದಲ್ಲಿ ಲ್ಯಾಬನ್ನೂ ಒಂದು ಸೀರೆ ಅಂಗಡಿಯನ್ನೂ ಒಂದೇ ವಿಳಾಸಕ್ಕೆ ಸೇರಿಸಲಾಯಿತು. ಕಾರಣ ಕೇಳಿದೆ.

"ಎರಡೂ ಶಿವಾಜಿನಗರದವೇ ಅಲ್ವಾ ಸರ್? ಹೊಂದ್ಕೊಂಡು ಹೋಗ್ತವೆ."

ಸೀರೆ ಅಂಗಡಿ ಊರಿಗೆಲ್ಲ ರಿಯಾಯಿತಿಯ ಜಾಹೀರಾತು ಸುರಿಯಿತು. ಕಾಟ ತಾಳಲಾರದೆ ಆಸ್ಪತ್ರೆ ಆ ವಿಳಾಸಕ್ಕೇ ಬಾಗಿಲು ಹಾಕಿತು. ಹಾಕುವ ಮುನ್ನ ಡಾಕ್ಟರೊಬ್ಬರು ಒಡತಿಗೆ ಫೋನು ಮಾಡಿ ಕೇಳಿದರಂತೆ: "ಸಕ್ಕರೆ ಕಾಯಿಲೆ ರಿಪೋರ್ಟ್ ಕೇಳಿದ್ರೆ ರೇಷ್ಮೆ ಸೀರೆ ಬಂದಿದೆಯಲ್ಲಮ್ಮಾ, ಊಟಕ್ಕೆ ಮುಂಚೆ ಉಡಬೇಕೋ, ಆಮೇಲೋ?"

೪. ಶುಕ್ರವಾರ

ಆಸ್ಪತ್ರೆ ಕೊನೆಯ ಗಡುವು ಕೊಟ್ಟಿತ್ತು: ಹನ್ನೊಂದರೊಳಗೆ ರಿಪೋರ್ಟು ಬರಬೇಕು; ತಪ್ಪಿದರೆ ಕೆಲಸ ಬೇರೆ ಲ್ಯಾಬಿಗೆ. ಒಡತಿಯ ಲ್ಯಾಬು ಬದುಕಿದ್ದುದೇ ಆ ಆಸ್ಪತ್ರೆಯಿಂದ. ನಾನು ಹಿಂದಿನ ದಿನವೇ ಜನರಲ್ ಮ್ಯಾನೇಜರರ ಒಪ್ಪಿಗೆ ಪಡೆದು ಒಂದು ಕಾಯಂ ವಿಳಾಸ ಬಿಡಿಸಿದ್ದೆ. ಇಂಜಿನಿಯರ್ ಅದನ್ನು ಆಸ್ಪತ್ರೆಗೂ ತಿಳಿಸಿ ಎಲ್ಲವನ್ನೂ ಸಿದ್ಧಪಡಿಸಿದ್ದಳು. ಮ್ಯಾನೇಜರು ತಮ್ಮ ಪಾಸ್‌ವರ್ಡ್ ಹಾಕಿ ಗುಂಡಿ ಒತ್ತಬೇಕಿತ್ತು, ಅಷ್ಟೆ.

ಅವರು ಕೈಕಟ್ಟಿ ಕುಳಿತರು. "ರಾಹುಕಾಲ ಶುರುವಾಯ್ತು. ಹನ್ನೆರಡಾಗ್ಲಿ."

"ಹನ್ನೆರಡಕ್ಕೆ ನನ್ನ ಲ್ಯಾಬೇ ಇರಲ್ಲಾರೀ!" ಒಡತಿ ಎದ್ದು ನಿಂತರು.

ನಾನು ಮ್ಯಾನೇಜರರನ್ನು ಗದರಿದೆ. ಅವರು ಕದಲಲಿಲ್ಲ. ಆಗ ಇಂಜಿನಿಯರ್ ತಲೆಯೆತ್ತದೆ ಹೇಳಿದಳು: "ಸರ್, ಸರ್ವರ್ ಗಡಿಯಾರ ಗ್ರೀನಿಚ್‌ದು. ಅದ್ರಲ್ಲಿ ಈಗಿನ್ನೂ ಐದು ಗಂಟೆ."

"ಬೆಳಗಿನ ಜಾವ ಐದಾ?"

"ಹೌದು ಸರ್."

ಮ್ಯಾನೇಜರರ ಮುಖ ಅರಳಿತು. "ಬ್ರಾಹ್ಮೀ ಮುಹೂರ್ತ! ಮೊದಲೇ ಹೇಳ್ಬಾರ್ದೇನಮ್ಮಾ?" ಗುಂಡಿ ಒತ್ತಿದರು. ರಿಪೋರ್ಟು ಹೋಯಿತು. ಆಸ್ಪತ್ರೆಯಿಂದ ಕರೆ ಬಂತು: ತಲುಪಿದೆ, ಕೆಲಸ ನಿಮ್ಮದೇ.

"ನೋಡಿದ್ರಾ ಮೇಡಂ? ಎಲ್ಲಾ ಮುಹೂರ್ತದ ಮಹಿಮೆ," ಎಂದರು ಮ್ಯಾನೇಜರು.

ಒಡತಿ ಕಣ್ಣೊರೆಸಿಕೊಂಡು, ಬ್ಯಾಗು ಹೆಗಲಿಗೇರಿಸಿ, ಅವರನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲರಿಗೂ ಕೇಳುವಂತೆ ತೀರ್ಪಿತ್ತರು:

"ಇಡೀ ಶಿವಾಜಿನಗರದ ರಕ್ತ ಪರೀಕ್ಷೆ ಮಾಡಿದ್ದೀನಿ ರೀ. ನಿಮ್ಗಿರೋದು ರಕ್ತದಲ್ಲಿ ಸಿಗೋ ಕಾಯಿಲೆ ಅಲ್ಲ."