ಕೊಳಗದ ಶಾಸನ

ಚಿತ್ತಾಪುರದ ಹೈಸ್ಕೂಲೊಂದರ ಗುಮಾಸ್ತ ಜಯತೀರ್ಥನಿಗೆ ಇತಿಹಾಸದ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟೆಲ್ಲ ಬಿ.ಎ. ಪರೀಕ್ಷೆಯ ಆ ಹಾಳು ಪ್ರಬಂಧದ ಪ್ರಶ್ನೆಯ ಮೇಲೆ. ನಾಲ್ಕು ದಾಖಲೆ ಕೊಟ್ಟು ‘ಇವುಗಳ ಆಧಾರದಿಂದ ಬರೆಯಿರಿ’ ಎಂದರೆ ಬಾಯಿಪಾಠ ಮಾಡಿದವನು ಎಲ್ಲಿಗೆ ಹೋಗಬೇಕು? ಹೋದ ವರ್ಷ ಅವನು ದಾಖಲೆಗಳ ಕಡೆ ಕಣ್ಣೆತ್ತಿಯೂ ನೋಡದೆ, ಬಾಯಿಗೆ ಬಂದ ಬಹಮನಿ ಸುಲ್ತಾನರನ್ನೆಲ್ಲ ಸಾಲಾಗಿ ಇಳಿಸಿ ಬಂದಿದ್ದ. (ಪ್ರಶ್ನೆ ಇದ್ದದ್ದು ಬ್ರಿಟಿಷರ ರೈಲಿನ ಬಗ್ಗೆ.) ಈ ಸಲವೂ ನಪಾಸಾದರೆ ಬಿ.ಎ. ಇಲ್ಲ, ಬಿ.ಎ. ಇಲ್ಲದಿದ್ದರೆ ಬಡ್ತಿ ಇಲ್ಲ.

ಹೆಂಡತಿ ವೃಂದಾ ಮದುವೆಗೆ ಮೊದಲೇ ಇತಿಹಾಸದಲ್ಲಿ ಬಿ.ಎ. ಮುಗಿಸಿದವಳು. ತಾನೇ ಕಲಿಸುತ್ತೇನೆಂದು ಅಡುಗೆಮನೆಯಿಂದ ದೊಡ್ಡ ಸ್ಟೀಲಿನ ಕೊಳಗ ತಂದು ಅವನ ಮುಂದೆ ಕುಕ್ಕಿದಳು. ಅದರ ಕಂಠದ ಮೇಲೆ ಕೆತ್ತಿದ್ದ ಅಕ್ಷರ: ‘ವಾಸ್ತುಶಾಂತಿಗೆ, ಲೀಲಾಬಾಯಿ, ವಾಡಿ, ೧೯೯೫.’ ಲೀಲಾಬಾಯಿ ಜಯತೀರ್ಥನ ಅಕ್ಕ.

“ಇದ ನಿಮ್ಮ ದಾಖಲೆ. ಇದರಿಂದ ಏನ್ ತಿಳೀತದ, ಬರೀರಿ,” ಎಂದಳು. ಸರಿಯಾಗಿ ಬರೆದರೆ ಪಂಚಮಿಗೆ ಬರುವ ಅಕ್ಕನಿಗೆ ಇಳಕಲ್ ಸೀರೆ, ತಪ್ಪಿದರೆ ಅದೇ ಸೀರೆ ತನಗೆ ಎಂಬ ಕರಾರೂ ಆಯಿತು.

ಜಯತೀರ್ಥ ಒಳಗೊಳಗೇ ಹಿಗ್ಗಿದ. ಇದೇ ಕೊಳಗ ತೋರಿಸಿ, ನಿನ್ನ ತವರಿನವರು ಇಂಥದ್ದು ಕೊಟ್ಟಿದ್ದಾರೇನು ಎಂದು ವರ್ಷಗಟ್ಟಲೆ ಹೆಂಡತಿಯನ್ನು ಚುಚ್ಚಿದವನಲ್ಲವೇ! ಅಕ್ಕನ ಔದಾರ್ಯ, ದಾನಶೂರತ್ವ, ವಾಡಿ ಸಾಮ್ರಾಜ್ಯದ ಸುವರ್ಣಯುಗ ಎಂದು ಹಾಳೆಗಟ್ಟಲೆ ಗೀಚಿದ.

ವೃಂದಾ ಓದಿ ಸೊನ್ನೆ ಸುತ್ತಿದಳು. “ದಾಖಲೆ ಪೂರಾ ನೋಡೀರೇನು? ಬೋರಲ ಹಾಕ್ರಿ.”

ಬೋರಲು ಹಾಕಿದ. ತಳದಲ್ಲಿ ಸವೆದ ಅಕ್ಷರ ಕಂಡವು: ‘ಚಿ. ಕೌಸ್ತುಭನ ಮುಂಜಿಗೆ, ಸೋದರಮಾವ ಜಯತೀರ್ಥ, ೧೯೯೧.’ ಕೌಸ್ತುಭ ಅಕ್ಕನ ಮಗ. ಶಹಾಬಾದದ ಬಜಾರಿನಲ್ಲಿ ಚೌಕಾಸಿ ಮಾಡಿ ತಾನೇ ಕೊಂಡು ಕೊಟ್ಟಿದ್ದ ಕೊಳಗ ಹೊಸ ಹೆಸರು ಹೊತ್ತು ತನ್ನ ಮನೆಗೇ ಮರಳಿತ್ತು. (ಪಾತ್ರೆಯ ತಳ ಕಾಣುವುದು ತಿಕ್ಕುವವರಿಗೆ ಮಾತ್ರ. ಜಯತೀರ್ಥ ಜನ್ಮದಲ್ಲಿ ಪಾತ್ರೆ ತಿಕ್ಕಿದವನಲ್ಲ.) ಸೀರೆ ವೃಂದಾಳದಾಯಿತು.

ಆದರೆ ಪಾಠ ತಲೆಗೆ ಹತ್ತಿತು. ಪರೀಕ್ಷೆಯಲ್ಲಿ ಪ್ರತಿ ದಾಖಲೆಯನ್ನೂ ಯಾರು, ಯಾರಿಗೆ, ಯಾವಾಗ ಎಂದು ಜಾಲಾಡಿ ಬರೆದ, ಪಾಸೂ ಆದ. ಸುದ್ದಿ ತಿಳಿದ ಲೀಲಾಬಾಯಿ ಪಂಚಮಿಗೆ ಬರುವಾಗ ಸ್ಟೀಲಿನ ಡಬ್ಬಿಯೊಂದನ್ನು ತಂದು ಪ್ರೀತಿಯಿಂದ ತಮ್ಮನ ಕೈಗಿಟ್ಟಳು. ಹೊಸ ಇತಿಹಾಸಕಾರನ ಕೈ ಸುಮ್ಮನಿರಲಿಲ್ಲ. ಥಟ್ಟನೆ ಡಬ್ಬಿ ಬೋರಲು ಹಾಕಿ, ಕನ್ನಡಕ ಏರಿಸಿ, ತಳವನ್ನು ಬೆಳಕಿಗೆ ಹಿಡಿದ. ತಳ ನುಣ್ಣಗಿತ್ತು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಅಕ್ಕನ ಮೋರೆ ಇಳಿಯಿತು. “ನಾ ಕೊಟ್ಟದ್ದ ಬೋರಲ ಹಾಕಿ ನೋಡಲಿಕತ್ತೀ ಏನೋ, ಜಯಾ?” ಎಂದವಳೇ ಚೀಲ ಎತ್ತಿಕೊಂಡು ವಾಡಿಯ ಬಸ್ಸಿಗೆ ಹೊರಟಳು. ವೃಂದಾ ಅವಳನ್ನು ಹೇಗೋ ಬಾಗಿಲಲ್ಲೇ ತಡೆದು ನಿಲ್ಲಿಸುವಷ್ಟರಲ್ಲಿ ಜಯತೀರ್ಥ ಬಜಾರಿಗೆ ಓಡಿ ಇನ್ನೊಂದು ಇಳಕಲ್ ಸೀರೆ ತರಬೇಕಾಯಿತು.

ತನ್ನ ಪಾಲಿನ ಸೀರೆಯುಟ್ಟಿದ್ದ ವೃಂದಾ, ಏದುಸಿರು ಬಿಡುತ್ತಿದ್ದ ಗಂಡನಿಗೆ ಚಹಾ ಕೊಡುತ್ತ ಮೆಲ್ಲಗೆ ಹೇಳಿದಳು: “ದಾಖಲೆ ಓದೂದು ಕಲ್ಸಿದ್ದೆ. ಕೊಟ್ಟವರ ಎದುರಿಗೇ ಓದ್ರಿ ಅಂತ ಹೇಳಿದ್ನೇನ್ರಿ?”