ಧೂಳಿನ ಲೆಕ್ಕ, ಅಣ್ಣನ ತೂಕ

ತಕ್ಕಡಿ ಇಟ್ಟ ಜಾಗದಾಗ ದಿನಾ ಒಂದು ಫಜೀತಿ ಇದ್ದದ್ದಾ. ಬಿಳೇ ದೊರಿಗಳ ಕಾಲದಾಗ ಸಂಡೂರು ಗುಡ್ಡದ ಮ್ಯಾಂಗನೀಸ್ ಗಣಿಯಾಗ ತಕ್ಕಡಿ ಹಿಡದಾವ ನಾ. ಸಾಲಿ ಕಟ್ಟಿ ಹತ್ತಿಲ್ಲ, ಆದ್ರ ಕಲ್ಲು ಕೈಯಾಗ ಹಿಡದು ತೂಕ ಹೇಳ್ತಿದ್ದೆ. ಸುಳ್ಳಾದ್ರ ಮೀಸಿ ಬೋಳಸ್ರಿ.

ಕಡ್ಲಿ, ಜ್ವಾಳ

ಅದಿರು ಪರೀಕ್ಷಾ ಮಾಡಾಕ ಮದ್ರಾಸಿನಿಂದ ಒಬ್ಬ ಕೆಮಿಸ್ಟ್ ಬಂದಿದ್ದ. ಚಿಟಿಕಿ ಪುಡಿ ತೂಗಿ, "ಇದರಾಗ ಎಷ್ಟು ಅಣು ಅದಾವ ಹೇಳ್ಲಾ?" ಅಂದ.

"ಎಣಿಸಿ ನೋಡೀರೇನ್ರಿ ಸಾಮಿ?"

"ಎಣಿಸಾಕ ಏಳು ಜನ್ಮ ಸಾಲಲ್ಲಲೇ. ತೂಗಿದ್ರ ಎಣಿಕಿ ಸಿಗ್ತೈತಿ. ನೂರು ಕಡ್ಲಿ, ನೂರು ಜ್ವಾಳ ತಗೋ. ಎಣಿಕಿ ಒಂದಾ, ತೂಕ ಬ್ಯಾರೆ. ನೂರು ಕಡ್ಲಿ ತೂಕ ಗೊತ್ತಿದ್ರ, ಚೀಲ ತೂಗಿ ಕಾಳೆಷ್ಟು ಅಂತ ಹೇಳಬಹುದು. ಅಣೂನೂ ಹಂಗ."

"ಇಷ್ಟಕ್ಕ ಮದ್ರಾಸಿನಾಗ ಓದಿದ್ರ್ಯಾ? ಕಂಪ್ಲಿ ಸಂತ್ಯಾಗ ಕಡ್ಲಿ ಮಾರೋ ಮುದುಕಿನ್ನ ಕೇಳಿದ್ರ ಆಗ್ತಿತ್ತಲ್ರಿ!"

ಕಸಬರಿಗಿ

ನಮ್ಮಣ್ಣ ಅದಾ ಗಣಿಯಾಗ ಅದಿರು ಅರೆಯೋ ಷೆಡ್ಡಿನಾಗಿದ್ದ. ಧೂಳು ಕುಡದು ಕುಡದು ಕೈ ನಡುಗಾಕ ಹತ್ತಿದ್ವು. ಅವನ್ನ ಹೊರಗ ಗಾಳ್ಯಾಗಿನ ಕೆಲಸಕ್ಕ ಹಾಕಿಸಬೇಕಂತ ನಾ ಹೆಣಗ್ತಿದ್ದೆ. ಅಷ್ಟರಾಗ ಒಂದಿನ, ತಾನಾ ಅರದು ಪರೀಕ್ಷಾಕ ತಂದ ಪುಡೀನ ಅಣ್ಣ ನೆಲಕ್ಕ ಚೆಲ್ಲಿಬಿಟ್ಟ. ಬೈಗಳ ತಿಂತಾನಂತ ನಾ ಕಸಬರಿಗಿಲೆ ಬಳದು ಕೊಟ್ಟೆ. ನೆಲದ ಮ್ಯಾಲ ಹಳೇ ಛಲೋ ಅದಿರಿನ ಪುಡಿ ಇತ್ತು, ಕೂಡಿ ಹೋತು. ಪರೀಕ್ಷಾದಾಗ ಕಳಪಿ ಮಾಲು ಮಸ್ತ್ ಮಾಲಾತು!

ಮ್ಯಾನೇಜರ್ ಸಾಹೇಬ ಓಡಿ ಬಂದ. "ಇಷ್ಟು ಛಲೋ ಅರೆಯೋನ್ನ ಷೆಡ್ಡಿನಿಂದ ಕದಲಿಸಬ್ಯಾಡ್ರಿ!"

ಅಣ್ಣ ನನ್ನ ಕಡೆ ನೋಡಿ, "ಇನ್ನ ಮ್ಯಾಲ ನನಗ ಉಪಕಾರ ಮಾಡಬ್ಯಾಡಲೇ" ಅಂದ.

ಮೂಟಿ ತಕ್ಕಡಿ

ತಡೀಲಾರದಕ್ಕ ನಾ, ಅಣ್ಣನ್ನೂ ಕೆಮಿಸ್ಟನ್ನೂ ಕರಕೊಂಡು ಸಾಹೇಬನ ಮುಂದ ನಿಂತೆ.

"ಇವ ಒಂದು ಉಸಿರಿಗೆ ಕೋಟಿ ಕೋಟಿ ಅಣು ಎಳಕೋತಾನ್ರಿ. ಹಿಂಗಾ ಬಿಟ್ರ ಉಳಿಯಾಂಗಿಲ್ಲ," ಅಂದ ಕೆಮಿಸ್ಟ್.

"ಅಣೂಗ ತೂಕ ಐತಿ ಅಂತೀರಲ್ಲ? ತೂಗ್ರಿ ಅವನ್ನ," ಅಂದ ಸಾಹೇಬ.

ಮೂಟಿ ತೂಗೋ ತಕ್ಕಡ್ಯಾಗ ಅಣ್ಣನ್ನ ಕುಂದ್ರಿಸಿದೆ. ಕೆಲಸಕ್ಕ ಸೇರಿದ ದಿನಾನೂ ನಾನಾ ತೂಗಿದ್ದೆ. ಅದಕ್ಕಿಂತ ಒಂದು ಮಣ, ಅಂದ್ರ ಹನ್ನೊಂದು ಕಿಲೋದಷ್ಟು, ಕಮ್ಮಿ!

ಸಾಹೇಬ ನಕ್ಕ. "ಧೂಳು ಒಳಗ ಹೋಗಿದ್ರ ತೂಕ ಏರಬೇಕಿತ್ತು. ಇಳದೈತಿ. ಅಂದ್ರ ಒಂದು ಅಣೂನೂ ಹೋಗಿಲ್ಲ. ನಡಿ, ಷೆಡ್ಡಿಗೆ."

ಅಣ್ಣ ತಕ್ಕಡಿ ಸರಪಳಿ ಹಿಡದು ಮೆಲ್ಲಕ ಇಳದು, ಕೈ ಮುಗದ.

"ಛಲೋ ಆತು ಬಿಡ್ರಿ ಸಾಹೇಬ್ರ. ಹಿಂಗಾ ಇಳಕೋತ ಹೋದ್ರ, ಸತ್ತಾಗ ಹೊರಾಕ ನಾಕು ಮಂದಿ ಬ್ಯಾಡ. ನಮ್ಮ ತಮ್ಮ ಒಬ್ಬನಾ ಬಗಲಾಗ ಇಟಗೊಂಡು ಹೋಗ್ತಾನ."