ಭಾವನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು

ರಾಯದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನಗೆ ಕೆಟ್ಟ ಯಂತ್ರದಿಂದ ತಲೆಬಿಸಿಯಿಲ್ಲ. ಅದರ ಯಜಮಾನರು ಪಕ್ಕದಲ್ಲಿ ಕೂತರೆ ಮಾತ್ರ ಏನಾದರೊಂದು ಆಗಿಯೇ ಆಗುತ್ತದೆ. ಯಜಮಾನರು ಅಕ್ಕನ ಗಂಡನೇ ಆದರಂತೂ ಮುಗಿಯಿತು.

ಭಾವನದು ಮಡಕಶಿರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಕಾರ್ಡಿನ ಒಂದು ಕಡೆ ಕನ್ನಡ, ಇನ್ನೊಂದು ಕಡೆ ತೆಲುಗು. ಹಳೇ ಕಂಪ್ಯೂಟರಿನ ವಿಂಡೋಸ್ ಒಂದು ಗುರುವಾರ ಏಳಲೇ ಇಲ್ಲ. ಹೊಸ ವಿಂಡೋಸ್ ಆ ಮುದಿ ಯಂತ್ರಕ್ಕೆ ಕೂರುವುದಿಲ್ಲ. ಮರುದಿನವೇ ಒಂದು ಮದುವೆಯ ಕಾರ್ಡು ಕೊಡಬೇಕಿತ್ತು. ಹುಡುಗಿಯ ಅಪ್ಪ, "ಶುಕ್ರವಾರ ಕೊಡದಿದ್ರೆ ಹಿಂದೂಪುರದಾಗೆ ಹಾಕಿಸ್ಕೋತೀನಿ" ಎಂದಿದ್ದ. ಅವನ ಊರಿನಿಂದ ಒಬ್ಬ ಗಿರಾಕಿ ಹೋದರೆ ಊರಿಗೆ ಊರೇ ಹೋಗುತ್ತದೆ ಎಂದು ಭಾವನಿಗೆ ಅಳುಕು. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಹಳೇದೂ ಓಡುತ್ತದೆ ಎಂದು ಫೋನಿನಲ್ಲಿ ಕೊಚ್ಚಿಕೊಂಡವನು ನಾನೇ. ಶುಕ್ರವಾರ ಮೊದಲ ಬಸ್ಸು ಹಿಡಿದೆ.

೧. ಒಳಗಿನ ಪೂಜೆ

ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಫ್ಯಾನಿನ ತುಂಬ ಕುಂಕುಮ. ಬೋರ್ಡಿನ ಮೇಲೆ ಮೂರೆಳೆ ವಿಭೂತಿ, ಒಣಗಿದ ಚೆಂಡುಹೂವು, ಮೂಲೆಯಲ್ಲಿ ಕಲ್ಲಾಗಿಹೋದ ಒಂದು ನಿಂಬೆಹಣ್ಣು.

"ಭಾವ, ಏನ್ರಿ ಇದು?"

"ಆಯುಧ ಪೂಜೆದು ಕಣಪ್ಪ."

"ಪೂಜಿ ಹೊರಗ ಮಾಡ್ತಾರ್ರಿ. ಒಳಗ ಯಾಕ ಮಾಡಿದ್ರಿ?"

"ಕೆಲ್ಸ ಮಾಡೋದು ಒಳಗಿರೋದಲ್ವಾ? ಬರೀ ಡಬ್ಬಕ್ಕೆ ಪೂಜೆ ಮಾಡಿದ್ರೆ ಏನು ಬಂತು?"

ಎಲ್ಲವನ್ನೂ ಬ್ರಷ್ಷಿನಿಂದ ತೆಗೆದೆ. ನಿಂಬೆಹಣ್ಣು ಮುಟ್ಟಲು ಮಾತ್ರ ಅಕ್ಕ ಬಿಡಲಿಲ್ಲ. "ಅದು ಇದ್ದದ್ದಕ್ಕ ಇಷ್ಟು ವರ್ಷ ಓಡೇತಿ" ಎಂದಳು. ಕಂಪನಿಯವರು ಕೊಟ್ಟಿದ್ದು ಒಂದೇ ವರ್ಷದ ಗ್ಯಾರಂಟಿ, ಹಾಗಾಗಿ ನಾನೂ ಅದನ್ನು ಅಲ್ಲೇ ಬಿಟ್ಟೆ.

೨. ಗುಟ್ಟು

ಹಳೇ ಡಿಸೈನುಗಳನ್ನೆಲ್ಲ ಪೆನ್‌ಡ್ರೈವಿಗೆ ತೆಗೆದಿಟ್ಟು ಲಿನಕ್ಸ್ ಹಾಕಲು ಶುರುಮಾಡಿದೆ. ಅದು ಪಾಸ್‌ವರ್ಡ್ ಕೇಳಿತು. ಭಾವ ಒತ್ತಿದರು. ಪರದೆಯ ಮೇಲೆ ಬರೀ ಚುಕ್ಕಿಗಳು.

"ಅಕ್ಷರ ಎಲ್ಲಿ ಹೋದ್ವೋ?"

"ಬ್ಯಾರೆಯವರಿಗೆ ಕಾಣಬಾರದಂತ ಹಂಗ ತೋರಸ್ತದ್ರಿ."

"ನನಗೇ ಕಾಣದಿದ್ರೆ ಹೆಂಗಪ್ಪಾ?"

ಜೀವಮಾನವೆಲ್ಲ ಪ್ರೂಫನ್ನು ಗಟ್ಟಿಯಾಗಿ ಓದಿಯೇ ತಿದ್ದಿದ ಗಂಟಲು ಅವರದು. ಎಲ್ಲ ಅಳಿಸಿ, ಒಂದೊಂದೇ ಅಕ್ಷರ ಕೂಗಿ ಹೇಳುತ್ತ ಹೊಸದಾಗಿ ಒತ್ತಿದರು. ಖಾತ್ರಿಗೆ ಇನ್ನೊಂದು ಸಲ ಒತ್ತಿ ಎಂದಿತು ಯಂತ್ರ. ಅರ್ಧಕ್ಕೆ ಬಂದು ಭಾವ ನಿಂತುಬಿಟ್ಟರು.

"ಕೊನೇಗೆ ಎರಡು ಸೊನ್ನೆ, ಅಣ್ಣ" ಎಂದ, ಲೋಟ ಒಯ್ಯಲು ಬಂದಿದ್ದ ಎದುರಿನ ಟೀ ಅಂಗಡಿಯವನು.

ನನಗೆ ರೇಗಿತು. ಇದು ಬೇಡ, ಬೇರೆಯದು ಇಡೋಣ ಎಂದೆ.

"ಇದೇ ಇರ್ಲಿ ಬಿಡಿ ಸಾರ್" ಎಂದ ಅವನು. "ಮರೆತ್ರೆ ನಾನಿದೀನಲ್ಲ."

೩. ಒಂದೇ ಒಂದು ಗುಂಡಿ

ಹತ್ತೂವರೆ ದಾಟಿದ ಮೇಲೆ ಕೆಲಸ ಮುಗಿಯಿತು. ಪರದೆಯ ಮೇಲೆ ಉಳಿದದ್ದು 'ರೀಸ್ಟಾರ್ಟ್' ಎನ್ನುವ ಒಂದೇ ಗುಂಡಿ. ಕೈ ಚಾಚಿದೆ. ಭಾವ ಹಿಡಿದುಕೊಂಡರು.

"ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹೊಸದು ಈಗ ಶುರು ಮಾಡ್ತಾರೇನೋ?"

ಅಷ್ಟರಲ್ಲಿ ಹುಡುಗಿಯ ಅಪ್ಪ ಬಂದ. "ಎಲ್ರೀ ನನ್ ಕಾರ್ಡು?" ಎಂದು ಬಾಗಿಲಲ್ಲೇ ಗದರಿದ. ಸದ್ಯ, ಇವನಾದರೂ ಅವಸರ ಮಾಡುತ್ತಾನೆ ಎಂದುಕೊಂಡೆ. ಭಾವ ರಾಹುಕಾಲ ಎಂದದ್ದೇ ತಡ, "ಅದನ್ನ ಮೊದ್ಲೇ ಹೇಳಬಾರ್ದಾ!" ಎಂದು ಕುರ್ಚಿ ಎಳೆದುಕೊಂಡು ಕೂತ. ಒಂದು ಗಂಟೆಗೂ ಮೇಲೆ ಮೂವರೂ ಆ ಗುಂಡಿಯನ್ನೇ ನೋಡುತ್ತಿದ್ದೆವು.

ಹನ್ನೆರಡಕ್ಕೆ ಭಾವ ಊದುಬತ್ತಿ ಹಚ್ಚಿ ಗುಂಡಿ ಒತ್ತಿದರು. ಲಿನಕ್ಸ್ ಚೆನ್ನಾಗಿಯೇ ಎದ್ದಿತು. ಮೂಲೆಯ ಗಡಿಯಾರ ಮಾತ್ರ ಹತ್ತು ಮೂವತ್ತೈದು ತೋರಿಸಿತು. ಲಿನಕ್ಸ್ ಹಾಕುವಾಗ ಅದು ಯಾವ ದೇಶದ ಸಮಯ ಎಂದು ಕೇಳಿತ್ತು; ಭೂಪಟದಲ್ಲಿ ನಮ್ಮ ದೇಶ ಒತ್ತುವಾಗ ಮೌಸು ಜಾರಿ ದುಬೈ ಮೇಲೆ ಕೂತಿತ್ತು, ನಾನು ಗಮನಿಸಿರಲಿಲ್ಲ. ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ.

"ಅಯ್ಯೋ, ರಾಹುಕಾಲ ಈಗ ಶುರುವಾಗೈತೆ!" ಎಂದರು ಭಾವ.

"ನಿಮ್ಮ ವಾಚ್ ನೋಡ್ರಿ ಭಾವ, ಹನ್ನೆರಡು ದಾಟೇತಿ!"

"ಕಾರ್ಡು ಮಾಡೋದು ನನ್ ವಾಚಲ್ಲ ಕಣಪ್ಪ, ಕಂಪ್ಯೂಟ್ರು. ಅದ್ರ ಟೈಮೇ ಲೆಕ್ಕ."

ಹುಡುಗಿಯ ಅಪ್ಪ ಹೌದೆಂದು ತಲೆಯಾಡಿಸಿ ಮತ್ತೆ ಕೂತ. ನನಗೆ ತಲೆ ಕೆಟ್ಟಿತು. ಗಡಿಯಾರವನ್ನು ನಮ್ಮ ದೇಶಕ್ಕೆ ತಿರುಗಿಸಿದೆ. ಹತ್ತು ಮೂವತ್ತೇಳು ಇದ್ದದ್ದು ಕಣ್ಣೆದುರೇ ಹನ್ನೆರಡು ಏಳಾಯಿತು.

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಹಿಂದೂಪುರದ ಮಾತು ಮತ್ತೆ ಬರಲಿಲ್ಲ. ಹುಡುಗಿಯ ಅಪ್ಪ ಮೆಲ್ಲಗೆ ಎದ್ದು ಬಂದು ನನಗೆ ಕೈಮುಗಿದ.

"ಸಾರ್, ಕಾರ್ಡಿನ್ನೂ ಅಚ್ಚಾಗಿಲ್ವಲ್ಲ. ಐನೋರು ಮುಹೂರ್ತ ಬೆಳಗಿನ ಜಾವ ನಾಕೂವರೆಗೆ ಇಟ್ಟವ್ರೆ. ಅದನ್ನೂ ಹಿಂಗೇ ಒಂಬತ್ತಕ್ಕೆ ತಳ್ಳಿಕೊಟ್ಬಿಡಿ. ನಿಮ್ ಹೆಸ್ರು ಹೇಳ್ಕೊಂಡು ನೆಂಟ್ರೆಲ್ಲ ನಿದ್ದೆ ಮಾಡ್ಕೋತಾರೆ."